ಬಾಯಿ ಕಟ್ಟಿದರೂ ತೂಕ ಇಳಿಯದೇಕೆ? ಕರುಳಿನ ಬ್ಯಾಕ್ಟೀರಿಯಾ, ಮೆದುಳು ಮತ್ತು ಬೊಜ್ಜು

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 76 ಕಿಲೊ. ದಾವಣಗೆರೆಯಲ್ಲಿ ಕೂಡುಕುಟುಂಬದಲ್ಲಿದ್ದೇವೆ. ನನ್ನ ಓರಗಿತ್ತಿಯೂ ನಾನೂ ಉಣ್ಣುವುದು ಒಂದೇ ಒಲೆಯ ಅಡುಗೆ. ಅವಳು 52 ಕಿಲೊ ದಾಟಿಲ್ಲ. ಕಳೆದ ವರ್ಷ ಅನ್ನ, ರೊಟ್ಟಿ ಎಲ್ಲವನ್ನೂ ಬಿಟ್ಟು ಐದು ತಿಂಗಳಲ್ಲಿ 9 ಕಿಲೊ ಇಳಿಸಿದ್ದೆ. ಈಗ 11 ಕಿಲೊ ಮರಳಿ ಏರಿದೆ. ‘ಬಾಯಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ’ ಎಂದು ಅತ್ತೆಯವರು ಹೇಳುತ್ತಲೇ ಇರುತ್ತಾರೆ. ಬೊಜ್ಜಿಗೆ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳೇ ಕಾರಣ, ಮಲ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಮಾತ್ರೆ ತೆಗೆದುಕೊಂಡರೆ ತೂಕ ಇಳಿಯುತ್ತದೆ ಎಂಬ ಜಾಹೀರಾತು ಮೊಬೈಲಿನಲ್ಲಿ ಬಂತು. ಹನ್ನೊಂದು ಸಾವಿರ ರೂಪಾಯಿ. ಕೊಳ್ಳಬಹುದೇ? ನಿಜವಾಗಿ ದೋಷ ಇರುವುದು ಎಲ್ಲಿ? ಕರುಳಿನಲ್ಲೋ, ಮೆದುಳಿನಲ್ಲೋ, ನನ್ನ ಬಾಯಿಚಪಲದಲ್ಲೋ?

ಉತ್ತರ: ಆ ಹನ್ನೊಂದು ಸಾವಿರ ನಿಮ್ಮಲ್ಲೇ ಇರಲಿ. ಕಿಟ್ ಕೊಳ್ಳಬೇಡಿ. ಬಾಯಿಚಪಲ ಎಂಬ ಮಾತನ್ನೂ ಇವತ್ತಿಗೆ ಬಿಟ್ಟುಬಿಡಿ. ಐದು ತಿಂಗಳು ಅನ್ನ, ರೊಟ್ಟಿ ಮುಟ್ಟದೆ ಇಡೀ ಮನೆಗೆ ಅಡುಗೆ ಮಾಡಿ ಬಡಿಸಿದವರಿಗೆ ಬಾಯಿ ಕಟ್ಟಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಕರುಳಿನ ಬ್ಯಾಕ್ಟೀರಿಯಾಗಳಿಗೂ ತೂಕಕ್ಕೂ ಸಂಬಂಧವಿರುವುದು ನಿಜ. ಜಾಹೀರಾತಿನವರು ಅದನ್ನು ಹುಟ್ಟಿಸಿಕೊಂಡು ಹೇಳುತ್ತಿಲ್ಲ. ಆದರೆ ಇಲಿಗಳಲ್ಲಿ ಸಾಬೀತಾದದ್ದನ್ನು ಮನುಷ್ಯರಲ್ಲಿ ಸಾಬೀತಾದಂತೆ ಮಾರುತ್ತಿದ್ದಾರೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗಾರ್ಡನ್ ಅವರ ತಂಡ, ಹುಟ್ಟಿನಿಂದಲೇ ಒಂದು ಬ್ಯಾಕ್ಟೀರಿಯಾವೂ ಸೋಕದಂತೆ ಇಲಿಗಳನ್ನು ಸಾಕುತ್ತದೆ. 2004ರಲ್ಲಿ ಅವರು ಇಂಥ ಇಲಿಗಳ ಹೊಟ್ಟೆಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೇರಿಸಿದರು. ಹದಿನಾಲ್ಕೇ ದಿನಗಳಲ್ಲಿ ಅವುಗಳ ಮೈಕೊಬ್ಬು ಸುಮಾರು ಶೇ 60ರಷ್ಟು ಹೆಚ್ಚಿತು. ಅದೂ ಮೊದಲಿಗಿಂತ ಕಡಿಮೆ ತಿಂದು! ನಮ್ಮ ಸಣ್ಣ ಕರುಳು ಅರಗಿಸಲಾರದೆ ಮುಂದಕ್ಕೆ ಕಳಿಸಿದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ, ಅದರಿಂದ ಚಿಕ್ಕ ಚಿಕ್ಕ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಅವು ಮೈಗೆ ಸೇರುತ್ತವೆ. ಮಲದೊಂದಿಗೆ ಹೊರಹೋಗಬೇಕಾಗಿದ್ದ ಕ್ಯಾಲೊರಿ ಹೀಗೆ ರಕ್ತಕ್ಕೆ ಬರುತ್ತದೆ.

2013ರಲ್ಲಿ ಅದೇ ತಂಡ ನಡೆಸಿದ ಇನ್ನೊಂದು ಪ್ರಯೋಗವನ್ನು ನಿಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನಿಮ್ಮ ಮತ್ತು ಓರಗಿತ್ತಿಯ ಕಥೆಗೆ ಹತ್ತಿರವಾಗಿದೆ. ಅವಳಿಗಳಲ್ಲಿ ಒಬ್ಬಳು ದಪ್ಪ, ಇನ್ನೊಬ್ಬಳು ತೆಳ್ಳಗೆ ಇರುವ ನಾಲ್ಕು ಜೋಡಿ ಹೆಣ್ಣುಮಕ್ಕಳನ್ನು ಅವರು ಆರಿಸಿಕೊಂಡರು. ಇಬ್ಬರ ಮಲವನ್ನೂ ಬೇರೆ ಬೇರೆ ಇಲಿಗಳಿಗೆ ಸೇರಿಸಿದರು. ದಪ್ಪಗಿದ್ದವಳ ಬ್ಯಾಕ್ಟೀರಿಯಾ ಪಡೆದ ಇಲಿಗಳಿಗೆ ಹೆಚ್ಚು ಕೊಬ್ಬು ಬಂತು. ತೆಳ್ಳಗಿದ್ದವಳ ಬ್ಯಾಕ್ಟೀರಿಯಾ ಪಡೆದವು ತೆಳ್ಳಗೇ ಉಳಿದವು. ಆಮೇಲೆ ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಬಿಟ್ಟರು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ. ಹಾಗಾಗಿ ತೆಳ್ಳನೆಯವಳ ಬ್ಯಾಕ್ಟೀರಿಯಾಗಳು ಜೊತೆಗಾರ ಇಲಿಯ ಕರುಳಿಗೂ ಹೋಗಿ ನೆಲೆಸಿದವು. ದಪ್ಪಗಾಗಬೇಕಿದ್ದ ಇಲಿ ದಪ್ಪಗಾಗಲಿಲ್ಲ.

ಪತ್ರಿಕೆಗಳಲ್ಲಿ ಬಂದದ್ದು ಇಷ್ಟೇ. ಇದರ ಮುಂದಿನ ಭಾಗ ನನಗೆ ಹೆಚ್ಚು ಮುಖ್ಯ. ಈ ರಕ್ಷಣೆ ಸಿಕ್ಕಿದ್ದು ನಾರು ಹೆಚ್ಚು, ಜಿಡ್ಡು ಕಡಿಮೆ ಇದ್ದ ಆಹಾರ ಕೊಟ್ಟಾಗ ಮಾತ್ರ. ಜಿಡ್ಡು ಹೆಚ್ಚಿಸಿ ಹಣ್ಣು, ತರಕಾರಿ ಕಡಿಮೆ ಮಾಡಿದಾಗ ತೆಳ್ಳನೆಯ ಜೊತೆಗಾರನಿಂದ ಏನೂ ಉಪಕಾರವಾಗಲಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಬಂದರೆ ಸಾಲದು, ಅದಕ್ಕೆ ಉಣ್ಣಲು ಅದರದೇ ಊಟ ಬೇಕು.

ಇನ್ನು ಮನುಷ್ಯರ ವಿಷಯ. 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ತೆಳ್ಳನೆಯವರ ಮಲದ ಬ್ಯಾಕ್ಟೀರಿಯಾಗಳನ್ನು ಬೊಜ್ಜಿನ ಗಂಡಸರ ಕರುಳಿಗೆ ಸೇರಿಸಿದರು. ಆರು ವಾರಗಳಲ್ಲಿ ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿತು, ಆದರೆ ತೂಕ ಇಳಿಯಲಿಲ್ಲ. ಮುಂದಿನ ಅಧ್ಯಯನದಲ್ಲಿ ಆ ಲಾಭವೂ 18 ವಾರಗಳ ಹೊತ್ತಿಗೆ ಮಾಯವಾಗಿತ್ತು. ಅಮೆರಿಕದಲ್ಲಿ ಇದನ್ನೇ ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟು ನೋಡಿದರು. ಆಗಲೂ ತೂಕ ಇಳಿಯಲಿಲ್ಲ. ಬೇರೆಯವರ ಇಡೀ ಬ್ಯಾಕ್ಟೀರಿಯಾ ಸಮೂಹವನ್ನೇ ಒಳಗೆ ಸೇರಿಸಿದರೂ ಇಳಿಯದ ತೂಕ, ನಾಲ್ಕಾರು ತಳಿಗಳಿರುವ ಮಾತ್ರೆಯಿಂದ ಇಳಿದೀತೇ?

ಕಿಟ್‌ನ ವರದಿಯಲ್ಲಿ ಸಾಮಾನ್ಯವಾಗಿ ಫರ್ಮಿಕ್ಯೂಟಿಸ್ ಮತ್ತು ಬ್ಯಾಕ್ಟೀರಾಯ್ಡಿಟಿಸ್ ಎಂಬ ಎರಡು ಗುಂಪುಗಳ ಪ್ರಮಾಣ ತೋರಿಸಿ, ‘ನಿಮ್ಮದು ಬೊಜ್ಜಿನ ಕರುಳು’ ಎಂದು ಕೆಂಪು ಗುರುತು ಹಾಕಿರುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಆ ಪ್ರಮಾಣದ ಮೇಲೆ ನಮಗೂ ಬಹಳ ಭರವಸೆಯಿತ್ತು. ಆಮೇಲೆ ಹಲವಾರು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆ ಪ್ರಮಾಣವನ್ನು ನೋಡಿ ಯಾರು ದಪ್ಪ, ಯಾರು ತೆಳು ಎಂದು ಹೇಳಲು ಸಾಧ್ಯವಿಲ್ಲ ಎಂಬುದು ಗೊತ್ತಾಯಿತು. ಈ ವರದಿ ಹಿಡಿದುಕೊಂಡು ನನ್ನ ಬಳಿ ಬರುವವರಿದ್ದಾರೆ. ಮೂವತ್ತು ಪುಟ, ಬಣ್ಣಬಣ್ಣದ ಚಿತ್ರಗಳು. ಅದನ್ನು ನೋಡಿ ನಾನು ಚಿಕಿತ್ಸೆಯಲ್ಲಿ ಒಂದು ಅಕ್ಷರವನ್ನೂ ಬದಲಿಸಿಲ್ಲ.

ಹಾಗಾದರೆ ತೂಕವನ್ನು ಕಾಯುವುದು ಯಾರು? ಮೆದುಳು. ಮೆದುಳಿನ ಬುಡದಲ್ಲಿ, ಬಾದಾಮಿಯಷ್ಟು ಗಾತ್ರದ ಹೈಪೋಥಲಾಮಸ್ ಎಂಬ ಭಾಗವಿದೆ. ಅಲ್ಲಿ ಒಂದು ಬಗೆಯ ನರಕೋಶಗಳು ಹಸಿವೆಬ್ಬಿಸುತ್ತವೆ, ಪಕ್ಕದಲ್ಲೇ ಇರುವ ಇನ್ನೊಂದು ಬಗೆಯವು ಸಾಕು ಎನ್ನಿಸುತ್ತವೆ. ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬ ಲೆಕ್ಕ ಇವುಗಳಿಗೆ ಹೇಗೆ ಗೊತ್ತಾಗುತ್ತದೆ ಎಂಬುದು ಬಹಳ ಕಾಲ ತಿಳಿದಿರಲಿಲ್ಲ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ತಿಂದಷ್ಟೂ ಹಸಿವು ತೀರದ, ಉಬ್ಬಿದ ಚೆಂಡಿನಂಥ ಇಲಿಗಳ ಒಂದು ತಳಿಯಿತ್ತು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಅಂಥ ಇಲಿಯ ರಕ್ತ ಸಂಚಾರವನ್ನು ಸಾಮಾನ್ಯ ಇಲಿಯದಕ್ಕೆ ಜೋಡಿಸಿದಾಗ ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಅಂದರೆ ರಕ್ತದಲ್ಲಿ ಯಾವುದೋ ಸಂದೇಶ ಹರಿಯುತ್ತಿದೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶಗಳೇ ಸುರಿಸುವ ಹಾರ್ಮೋನು ಅದು. ತೆಳು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು.

ಮೂರು ವರ್ಷಗಳ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸದಫ್ ಫಾರೂಕಿ, ಸ್ಟೀಫನ್ ಓ’ರಾಹಿಲಿ ಮತ್ತು ಸಂಗಡಿಗರು ಇಬ್ಬರು ಮಕ್ಕಳ ವಿಷಯ ಪ್ರಕಟಿಸಿದರು. ಪಾಕಿಸ್ತಾನ ಮೂಲದ, ರಕ್ತಸಂಬಂಧದಲ್ಲೇ ಮದುವೆಗಳಾಗುತ್ತಿದ್ದ ಕುಟುಂಬದ ಮಕ್ಕಳು. ಎಂಟು ವರ್ಷದ ಹುಡುಗಿ 86 ಕಿಲೊ, ಅವಳ ಎರಡು ವರ್ಷದ ಸಂಬಂಧಿ ಹುಡುಗ 29 ಕಿಲೊ. ಸದಾ ಹಸಿವು, ಊಟ ತಡವಾದರೆ ರಂಪ. ಅವರ ಮೈಯಲ್ಲಿ ಲೆಪ್ಟಿನ್ ತಯಾರಾಗುತ್ತಲೇ ಇರಲಿಲ್ಲ. ಆ ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಡತೊಡಗಿದ ಮೇಲೆ ಹಸಿವು ತಗ್ಗಿತು, ವರ್ಷದಲ್ಲಿ 16 ಕಿಲೊ ಇಳಿಯಿತು. ಯಾರೂ ಅವಳಿಗೆ ಬಾಯಿ ಕಟ್ಟುವುದನ್ನು ಕಲಿಸಲಿಲ್ಲ. ಕೊರತೆಯಿದ್ದ ಒಂದು ಹಾರ್ಮೋನನ್ನು ಕೊಟ್ಟರು, ಅಷ್ಟೇ. ಹಸಿವನ್ನು ಗುಣದೋಷವೆಂದು ಕರೆಯುವವರ ಮುಂದೆ ನಾನು ಪ್ರತಿ ಸಲ ಹೇಳುವುದು ಇದೇ ಮಗುವಿನ ಕಥೆಯನ್ನು.

ಈ ಕೊರತೆ ಬಹಳ ಅಪರೂಪ, ನಿಮಗಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಬೊಜ್ಜಿರುವ ಹೆಚ್ಚಿನವರಲ್ಲಿ ಲೆಪ್ಟಿನ್ ಬೇಕಾದಷ್ಟಿರುತ್ತದೆ, ಮೆದುಳು ಅದಕ್ಕೆ ಕಿವಿಗೊಡುವುದಿಲ್ಲ. ಆದರೆ ಲೆಪ್ಟಿನ್ ಕಡಿಮೆಯಾದಾಗ ಮಾತ್ರ ಮೆದುಳಿಗೆ ಚೆನ್ನಾಗಿ ಕೇಳಿಸುತ್ತದೆ! ನಿಮ್ಮ 9 ಕಿಲೊ ಎಲ್ಲಿ ಹೋಗಿ ಹೇಗೆ ವಾಪಸಾಯಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ. 2011ರಲ್ಲಿ ಮೆಲ್ಬರ್ನ್‌ನ ವೈದ್ಯರು, ಹತ್ತು ವಾರ ಕಠಿಣ ಪಥ್ಯ ಮಾಡಿ ಸರಾಸರಿ 13 ಕಿಲೊಗಿಂತ ಹೆಚ್ಚು ಇಳಿಸಿದವರ ರಕ್ತವನ್ನು ಒಂದು ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿದರು. ಸಾಕು ಎನ್ನಿಸುವ ಹಾರ್ಮೋನುಗಳು ಆಗಲೂ ತಗ್ಗಿಯೇ ಇದ್ದವು. ಹೊಟ್ಟೆಯಿಂದ ಹೊರಟು ಹಸಿವೆಬ್ಬಿಸುವ ಗ್ರೆಲಿನ್ ಏರಿಯೇ ಇತ್ತು. ತೂಕ ಇಳಿಸುವ ಸ್ಪರ್ಧೆಯ ಟಿವಿ ಕಾರ್ಯಕ್ರಮವೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಅಮೆರಿಕದ ಕೆವಿನ್ ಹಾಲ್ ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಸುಮ್ಮನೆ ಕುಳಿತಾಗ ಅವರ ಮೈ ಉರಿಸುವ ಕ್ಯಾಲೊರಿ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500ರಷ್ಟು ಕಡಿಮೆಯಿತ್ತು. ಬರಗಾಲ ಬಂದಿದೆ ಎಂದುಕೊಂಡ ಮೈ, ಖರ್ಚು ಕಡಿಮೆ ಮಾಡಿ ಹಸಿವು ಹೆಚ್ಚಿಸಿ ಕಳೆದದ್ದನ್ನು ಮರಳಿ ಕೂಡಿಡುತ್ತದೆ. ನೀವು ಪಥ್ಯ ಬಿಟ್ಟ ತಿಂಗಳುಗಳಲ್ಲಿ ರಾತ್ರಿ ಹತ್ತಕ್ಕೆ ಅಡುಗೆಮನೆಯ ಡಬ್ಬಿಗಳು ಕೈಬೀಸಿ ಕರೆದಿದ್ದರೆ, ಅದು ಈ ಹಾರ್ಮೋನುಗಳ ಕೆಲಸ.

ಒಂದೇ ಒಲೆಯ ಅಡುಗೆ ಉಂಡರೂ ಓರಗಿತ್ತಿ ತೆಳ್ಳಗಿರುವುದೇಕೆ ಎಂಬುದಕ್ಕೆ 1986ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನ ನೆನಪಾಗುತ್ತದೆ. ದತ್ತು ಹೋದ 540 ಮಂದಿ ದೊಡ್ಡವರಾದ ಮೇಲೆ ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು, ಸಾಕಿದವರನ್ನಲ್ಲ. ನೀವಿಬ್ಬರೂ ಒಂದೇ ಮನೆಯ ಸೊಸೆಯಂದಿರು, ಆದರೆ ಬೇರೆ ಬೇರೆ ಮನೆಯ ಮಕ್ಕಳು. ಹಸಿವಿನ ಮಟ್ಟವನ್ನು ನೀವು ತವರಿನಿಂದಲೇ ತಂದಿದ್ದೀರಿ.

ಈಗ ಬ್ಯಾಕ್ಟೀರಿಯಾ ಮತ್ತು ಮೆದುಳು ಸೇರುವ ಜಾಗಕ್ಕೆ ಬರೋಣ. ಹೊಟ್ಟೆಯಿಂದ ಮೆದುಳಿಗೆ ವೇಗಸ್ ಎಂಬ ಉದ್ದನೆಯ ನರ ಹೋಗುತ್ತದೆ. ಅದರ ಹತ್ತು ಎಳೆಗಳಲ್ಲಿ ಸುಮಾರು ಎಂಟು ಎಳೆಗಳು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುತ್ತವೆ. ಮೆದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ಮೆದುಳಿಗೆ ಹೇಳುವುದೇ ಹೆಚ್ಚು. ನಾರನ್ನು ಹುದುಗಿಸಿದ ಬ್ಯಾಕ್ಟೀರಿಯಾಗಳು ತಯಾರಿಸುವ ಆ ಕೊಬ್ಬಿನಾಮ್ಲಗಳು ಕರುಳಿನ ಗೋಡೆಯಲ್ಲಿರುವ ಎಲ್ ಕೋಶಗಳನ್ನು ತಟ್ಟುತ್ತವೆ. ಆ ಕೋಶಗಳು ಜಿಎಲ್‌ಪಿ–1 ಮತ್ತು ಪಿವೈವೈ ಎಂಬ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತವೆ. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ, ಊಟ ಸಾಕು ಎಂಬ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುತ್ತವೆ.

ಆದರೆ ಮೈಯಲ್ಲೇ ಹುಟ್ಟುವ ಜಿಎಲ್‌ಪಿ–1ರ ಆಯಸ್ಸು ಒಂದೆರಡು ನಿಮಿಷ. ಅದೇ ಹಾರ್ಮೋನನ್ನು ಹೋಲುವ, ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕಾಗುವಷ್ಟು ಬಾಳುವ ಸೆಮಾಗ್ಲುಟೈಡ್ ಔಷಧವನ್ನು ಕೊಟ್ಟ ದೊಡ್ಡ ಪರೀಕ್ಷೆಯಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಬ್ಯಾಕ್ಟೀರಿಯಾ ಬದಲಿಸಿ ಕಾಣದ ಫಲ, ಮೆದುಳಿಗೆ ಹೋಗುವ ಸಂದೇಶವನ್ನು ಗಟ್ಟಿಗೊಳಿಸಿದಾಗ ಕಂಡಿತು. ನಿಮ್ಮ ಪ್ರಶ್ನೆಗೆ, ಅಂದರೆ ಕರುಳೋ ಮೆದುಳೋ ಎಂಬುದಕ್ಕೆ, ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. ಬ್ಯಾಕ್ಟೀರಿಯಾ ಸಣ್ಣ ದನಿಯಲ್ಲಿ ಹೇಳುತ್ತದೆ, ಕೊನೆಯ ಮಾತು ಮೆದುಳಿನದು.

ಸಣ್ಣ ದನಿಯಾದರೂ ಅದಕ್ಕೆ ಬೆಲೆಯಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 17 ಮಂದಿಗೆ ಕೆಲವು ವಾರ ಸಂಸ್ಕರಿಸಿದ ಆಹಾರ, ಇನ್ನು ಕೆಲವು ವಾರ ನಾರು ಮತ್ತು ಇಡಿಯ ಧಾನ್ಯ ಹೆಚ್ಚಿದ್ದ ಆಹಾರ ಕೊಟ್ಟರು. ನಾರಿನ ಊಟ ಉಂಡಾಗ ದಿನಕ್ಕೆ ಸರಾಸರಿ 116 ಕ್ಯಾಲೊರಿ ಹೆಚ್ಚಾಗಿ ಮಲದಲ್ಲಿ ಹೊರಹೋಯಿತು. ಆ ಕ್ಯಾಲೊರಿಯ ಪಾಲು ಹೋದದ್ದು ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ. ಹಾಗೆಂದು ಅವರಿಗೆ ಹಸಿವು ಹೆಚ್ಚಲಿಲ್ಲ. ಕಠಿಣ ಪಥ್ಯದಲ್ಲಿ ಕ್ಯಾಲೊರಿ ಕಡಿಮೆಯಾದರೆ ಮೆದುಳು ಕೂಗೆಬ್ಬಿಸುತ್ತದೆ. ಇಲ್ಲಿ ಅದು ಸುಮ್ಮನಿತ್ತು.

ಹಾಗಾಗಿ ನಿಮ್ಮ ತಟ್ಟೆಯ ಬಗ್ಗೆ ಮಾತನಾಡೋಣ. ಅನ್ನ, ರೊಟ್ಟಿ ಎರಡನ್ನೂ ಒಟ್ಟಿಗೆ ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಎರಡೂ ಒಂದೇ ಅಲ್ಲ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂಗಿಂತ ಕಡಿಮೆ ನಾರಿದ್ದರೆ, ಅಷ್ಟೇ ಜೋಳದಲ್ಲಿ ಸುಮಾರು ಹತ್ತು, ರಾಗಿಯಲ್ಲಿ ಸುಮಾರು ಹನ್ನೊಂದು ಗ್ರಾಂ ಇದೆ. ನಿಮ್ಮ ಸೀಮೆಯ ಜೋಳದ ರೊಟ್ಟಿಯನ್ನು ಬಿಟ್ಟು ಬ್ಯಾಕ್ಟೀರಿಯಾ ಮಾತ್ರೆ ಕೊಳ್ಳುವುದೆಂದರೆ ಮನೆಯ ಬಾವಿ ಮುಚ್ಚಿ ನೀರಿನ ಟ್ಯಾಂಕರ್ ಕರೆಸಿದ ಹಾಗೆ. ರಾತ್ರಿಯ ಊಟದಲ್ಲಿ ಅನ್ನದ ಜಾಗಕ್ಕೆ ಒಂದು ರೊಟ್ಟಿ, ಜೊತೆಗೆ ಕಾಳುಪಲ್ಯ, ಹಸಿ ಮೆಂತ್ಯ, ಸೌತೆ, ಈರುಳ್ಳಿ ಬರಲಿ. ಹೆಸರುಕಾಳು, ಮಡಕೆ ಕಾಳು, ಹುರುಳಿ, ಅಲಸಂದೆಯನ್ನು ದಿನ ಬಿಟ್ಟು ದಿನ ಬದಲಿಸಿ. ಒಂದೊಂದು ನಾರನ್ನು ಒಂದೊಂದು ಬ್ಯಾಕ್ಟೀರಿಯಾ ಉಣ್ಣುತ್ತದೆ, ಆದ್ದರಿಂದ ತಟ್ಟೆಯಲ್ಲಿ ಬಗೆ ಹೆಚ್ಚಿದಷ್ಟೂ ಒಳ್ಳೆಯದು. ಹೀಗೆ ಆಹಾರ ಬದಲಿಸಿದ ಕೆಲವೇ ದಿನಗಳಲ್ಲಿ ಕರುಳಿನ ಸಮೂಹ ಬದಲಾಗತೊಡಗುತ್ತದೆ. ನಾರನ್ನು ಒಮ್ಮೆಲೇ ಹೆಚ್ಚಿಸಬೇಡಿ, ಹೊಟ್ಟೆ ಉಬ್ಬರಿಸಿ ಮೂರನೇ ದಿನವೇ ಬಿಟ್ಟುಬಿಡುತ್ತೀರಿ. ಮೂರು ನಾಲ್ಕು ವಾರ ತೆಗೆದುಕೊಂಡು ಏರಿಸಿ, ನೀರು ಚೆನ್ನಾಗಿ ಕುಡಿಯಿರಿ.

ಇಡ್ಲಿ ಹುದುಗಿಸಿದ್ದಲ್ಲವೇ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಎಂದು ಹಲವರು ಕೇಳುತ್ತಾರೆ. ರಾತ್ರಿ ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾಗಳು ಬೆಳಿಗ್ಗೆ ಹಬೆಯಲ್ಲಿ ಸಾಯುತ್ತವೆ. ಇಡ್ಲಿ ಸುಲಭವಾಗಿ ಅರಗುವ ಒಳ್ಳೆಯ ತಿಂಡಿ, ಆದರೆ ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ. ರಾಗಿ ಅಂಬಲಿಯನ್ನೂ ಬೇಯಿಸಿ ಆರಿಸಿದ ಮೇಲೆ ಮಜ್ಜಿಗೆ ಬೆರೆಸಿ. ಬಿಸಿಯಿರುವಾಗಲೇ ಬೆರೆಸಿದರೆ ಮಜ್ಜಿಗೆಯ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹತ್ತು ವಾರ ಮೊಸರಿನಂಥ ಹುದುಗಿದ ಆಹಾರವನ್ನು ಹೆಚ್ಚಾಗಿ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳ ಬಗೆ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಗುರುತುಗಳು ತಗ್ಗಿದವು. ಹೆಪ್ಪಿಗೆ ಖರ್ಚು ಒಂದು ಚಮಚ ಮೊಸರು.

ಮನೆಯೊಳಗೆ ಬರುವ ಪೊಟ್ಟಣಗಳ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಕೆವಿನ್ ಹಾಲ್ 2019ರಲ್ಲಿ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟರು. ಬಡಿಸಿದ ಕ್ಯಾಲೊರಿ, ಸಕ್ಕರೆ, ಉಪ್ಪು, ಜಿಡ್ಡು, ನಾರು ಎರಡರಲ್ಲೂ ಒಂದೇ. ಬೇಕಾದಷ್ಟು ತಿನ್ನಿ ಎಂದರು. ಸಂಸ್ಕರಿಸಿದ ಆಹಾರ ಸಿಕ್ಕಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಸುಮಾರು ಒಂದು ಕಿಲೊ ಏರಿದರು. ಹಸಿವು ಹೆಚ್ಚಿರುವ ನಿಮ್ಮಂಥವರಿಗೆ ಸಂಜೆ ನಾಲ್ಕರ ಬಿಸ್ಕತ್ತು, ಚಿಪ್ಸು, ಖಾರದ ಪೊಟ್ಟಣಗಳು ಓರಗಿತ್ತಿಗಿಂತ ಹೆಚ್ಚು ಹಾನಿ ಮಾಡುತ್ತವೆ. ಮಕ್ಕಳಿಗೆಂದು ತಂದಿಟ್ಟರೂ ಹಾಗೆಯೇ. ನಿಮ್ಮ ಊರಿನ ಮಂಡಕ್ಕಿಗೆ ಹಸಿ ಈರುಳ್ಳಿ, ಟೊಮೆಟೊ, ಹುರಿದ ಶೇಂಗಾ ಹಾಕಿ ತಿನ್ನಿ, ಜೊತೆಗೆ ಮಿರ್ಚಿ ಬೇಡ.

ಇನ್ನೊಂದು ಮಾತು. ನೆಗಡಿ, ಗಂಟಲು ನೋವಿಗೆಲ್ಲ ಔಷಧ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಒಂದು ಕೋರ್ಸ್ ಮಾತ್ರೆ ಕರುಳಿನ ಸಮೂಹವನ್ನು ಎಷ್ಟು ಕಲಕುತ್ತದೆಯೆಂದರೆ, ಅದನ್ನು ಸರಿಪಡಿಸಲು ಯಾವ ಕಿಟ್‌ಗೂ ಸಾಧ್ಯವಿಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ, 30 ದಾಟಿದೆ. ಭಾರತೀಯರಿಗೆ 25ರಿಂದಲೇ ಬೊಜ್ಜು ಎನ್ನುತ್ತೇವೆ. ಇದನ್ನು ಕಾಯಿಲೆಯೆಂದೇ ತಿಳಿದು ಚಿಕಿತ್ಸೆ ಮಾಡಿಸಿಕೊಳ್ಳಿ. ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಲಿವರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗುತ್ತಿದ್ದರೆ, ರಾತ್ರಿ ಗೊರಕೆಯಿದ್ದರೆ, ಮನೋರೋಗಕ್ಕೋ ಆಸ್ತಮಾಕ್ಕೋ ಮಾತ್ರೆ ನಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ. ತೂಕ ಏರಿಸುವ ಔಷಧಗಳಿವೆ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ. ತೂಕ ಇಳಿಯುವಾಗ ಸ್ನಾಯು ಉಳಿಸಿಕೊಳ್ಳಲು ಅದು ಬೇಕು. ಜಿಎಲ್‌ಪಿ–1 ಚುಚ್ಚುಮದ್ದು ನಿಮಗೆ ಒಪ್ಪುತ್ತದೆಯೇ ಎಂದು ಕೇಳಲು ಸಂಕೋಚಪಡಬೇಡಿ. ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ 2025ರಿಂದ ಭಾರತದಲ್ಲೂ ಸಿಗುತ್ತಿದೆ. ವಾಕರಿಕೆ, ವಾಂತಿ ಆಗಬಹುದು. ಗರ್ಭಿಣಿಯರಿಗೆ, ಮೇದೋಜೀರಕದ ಉರಿಯೂತ ಆದವರಿಗೆ, ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಅದು ಸಲ್ಲದು. ನಿಲ್ಲಿಸಿದರೆ ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ಮರಳುತ್ತದೆ, ಆದ್ದರಿಂದ ಖರ್ಚನ್ನು ಮೊದಲೇ ಲೆಕ್ಕ ಹಾಕಿ.

ನನ್ನ ಕೋಣೆಗೆ ಬರುವ ಹೆಣ್ಣುಮಕ್ಕಳು ತೂಕದ ಯಂತ್ರ ಹತ್ತುವ ಮೊದಲು ಚಪ್ಪಲಿ ಬಿಡುತ್ತಾರೆ, ಪರ್ಸು ಇಡುತ್ತಾರೆ, ಕೆಲವರು ಬಳೆಗಳನ್ನೂ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಮುಳ್ಳಿನ ಕಡೆ ನೋಡದೆ ಗೋಡೆ ನೋಡುತ್ತ ನಿಲ್ಲುತ್ತಾರೆ. ಅವರನ್ನು ಗದರಿಸಿ ಕಳಿಸುವ ವೈದ್ಯರು ನಮ್ಮಲ್ಲೂ ಇದ್ದಾರೆ, ಅದು ನನಗೆ ನೋವಿನ ಸಂಗತಿ. ನಿಮ್ಮನ್ನು ಹಾಗೆ ಗದರಿಸಿದರೆ ಬೇರೆ ವೈದ್ಯರನ್ನು ನೋಡಿ.

ಹೋಗುವಾಗ ಓರಗಿತ್ತಿಯನ್ನೂ ಕರೆದುಕೊಂಡು ಹೋಗಿ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಒಟ್ಟಿಗೆ ನಿಂತ ಭಾವಚಿತ್ರವೊಂದನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಶೇ 9.1ರಷ್ಟು ಕೊಬ್ಬಿದ್ದರೆ ಯಾಜ್ಞಿಕ್ ಮೈಯಲ್ಲಿ ಶೇ 21.2. ನಮ್ಮ ಜನರಲ್ಲಿ ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿಕೊಂಡವರು ಬಹಳ. ದರ್ಜಿಯ ಟೇಪು ಹಿಡಿದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಬ್ಬರೂ ಸೊಂಟದ ಸುತ್ತಳತೆ ನೋಡಿಕೊಳ್ಳಿ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅವಳೂ ಸಕ್ಕರೆ ಪರೀಕ್ಷೆ ಮಾಡಿಸಲಿ. ಎರಡೂ ಅಳತೆಗಳನ್ನೂ ನಿಮ್ಮ ವರದಿಗಳನ್ನೂ ನನಗೆ ಬರೆದು ಕಳಿಸಿ.